ಅಪ್ಪ ಕಾವಲು ನಿಂತ ಮೈಕ್ರೋವೇವ್

ಅಪ್ಪ ಹಟ್ಟಿಯ ಚಿನ್ನದ ಗಣಿಯೊಳಗೆ ಮೂವತ್ತು ವರ್ಷ ದುಡಿದವನು. ಕಲ್ಲಿಗೆ ಮದ್ದು ತುಂಬಿದ ಮೇಲೆ ಎಲ್ಲರನ್ನೂ ದೂರ ಕಳಿಸುವುದು, ಸಿಡಿದ ಮೇಲೂ ಹೊಗೆ ಇಳಿಯುವವರೆಗೆ ಯಾರನ್ನೂ ಒಳಗೆ ಬಿಡದಿರುವುದು ಅವನ ಕೆಲಸವಾಗಿತ್ತು. ನಿವೃತ್ತನಾಗಿ ಅವ್ವನ ಜೊತೆ ಸಿಂಧನೂರಿನ ನನ್ನ ಮನೆಗೆ ಬಂದವನು ಅಡುಗೆಮನೆಯ ಮೈಕ್ರೋವೇವ್‌ಗೂ ಅದೇ ಕಾಯಿದೆ ತಂದ.

ನಾನು ಗುಂಡಿ ಒತ್ತುವುದೇ ತಡ, "ಎಲ್ಲಾರೂ ಹೊರಗ ನಡೀರಿ" ಎಂದು ನಮ್ಮನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದ. ಟಿಂಗ್ ಎಂದರೂ ಬಿಡುತ್ತಿರಲಿಲ್ಲ. "ತಡೀರಿ, ಹೊಗಿ ಇಳೀಲಿ." ಹೊಗೆ ಎಲ್ಲಿತ್ತು? ಒಂದು ಬಟ್ಟಲು ಪುಂಡಿಪಲ್ಯ ಬಿಸಿಯಾಗಲು ನಾವು ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಲ್ಲಬೇಕಿತ್ತು. ನನಗೆ ರೇಗಿಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವ್ವ ಮರೆತು ಸ್ಟೀಲ್ ಡಬ್ಬಿಯನ್ನೇ ಒಳಗಿಟ್ಟಳು. ಚಟಚಟ ಕಿಡಿ ಹಾರಿತು. ಅಪ್ಪ ಕೂಗಾಡಲಿಲ್ಲ. ಗೋಡೆಯ ಸ್ವಿಚ್ ಆರಿಸಿದ; ಮೈಕ್ರೋವೇವ್‌ನ ಬಾಗಿಲು ತೆಗೆಯಲು ಹೋದ ನನಗೆ ಕೈ ಅಡ್ಡ ಹಿಡಿದ. ಅವ್ವನಿಗೆ ಇಷ್ಟೇ ಅಂದ: "ಗಾಜಿಂದು ಇಡಬೇಕಿತ್ತು ನೋಡು." ಮರುದಿನ ಗಾಜಿನ ಬಟ್ಟಲಲ್ಲಿ ನಿಂಬೆಹಣ್ಣು ಹಿಂಡಿದ ನೀರನ್ನು ಅದರೊಳಗೇ ಕಾಯಿಸಿ, ಆ ಹಬೆಗೆ ಸಡಿಲಾದ ಜಿಡ್ಡನ್ನೆಲ್ಲ ತಾನೇ ಒರೆಸಿದ.

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಈಗ ನಮ್ಮನ್ನು ಯಾರೂ ಹೊರಗೆ ಕಳಿಸುವುದಿಲ್ಲ. ಆದರೂ ಗುಂಡಿ ಒತ್ತಿದೊಡನೆ ನನ್ನ ಕಾಲುಗಳು ತಾವಾಗಿಯೇ ಬಾಗಿಲು ದಾಟುತ್ತವೆ. ಟಿಂಗ್ ಎಂದು ಎಷ್ಟೋ ಹೊತ್ತಾದ ಮೇಲೆ, "ಪಲ್ಯ ಆರಾಕತ್ತೈತಿ, ತಗೀಬಾರದೇನು?" ಎನ್ನುತ್ತಾಳೆ ಅವ್ವ.

ಅವಳೂ ನನ್ನ ಪಕ್ಕದಲ್ಲೇ, ಬಾಗಿಲಾಚೆ ನಿಂತಿರುತ್ತಾಳೆ.