ಶಲ್ಯವನ್ನೇರಿದ ಪತಂಗ

ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್ ನಗರದಲ್ಲಿ ತಂಗಿಯ ಮಗಳು ಸುಮೇಧಾಳ ಮನೆ. ಬೆಳಗಿನ ಪೂಜೆಗೆಂದು ಮಡಿಯುಟ್ಟು ಅಡುಗೆಮನೆಗೆ ಬಂದೆ. ಪತಂಗಗಳ ಹಾರಾಟವನ್ನು ಅಧ್ಯಯನ ಮಾಡುವ ಅವಳು, ಬೇಸಗೆಯ ರಜೆಯೆಂದು ಪ್ರಯೋಗಾಲಯದ ಪತಂಗಕೋಶಗಳನ್ನು ಮನೆಗೇ ತಂದಿಟ್ಟಿದ್ದಳು. ಅವುಗಳಲ್ಲೊಂದು ಆಗಷ್ಟೇ ಒಡೆದಿತ್ತು. ಹೊರಬಂದ ಜೀವ ಮುದುಡಿದ ರೆಕ್ಕೆಗಳೊಡನೆ ಪ್ಲಾಸ್ಟಿಕ್ ಡಬ್ಬಿಯ ನುಣುಪು ಗೋಡೆಯನ್ನು ಹತ್ತಲಾರದೆ ಜಾರಿ ಬೀಳುತ್ತಿತ್ತು.

“ಅಯ್ಯೋ, ಹತ್ತೋಕೆ ಕಡ್ಡಿ ಇಡೋದೇ ಮರ್ತೆ! ಈಗ್ಲೇ ಎಲ್ಲಾದ್ರೂ ನೇತಾಡ್ಬೇಕು ಮಾವ. ರೆಕ್ಕೆ ಹೀಗೇ ಒಣಗಿದ್ರೆ ಜನ್ಮದಲ್ಲಿ ಹಾರಲ್ಲ,” ಎನ್ನುತ್ತ ಸುಮೇಧಾ ಓಡಿಬಂದಳು.

ನಾನು ಮಡಿಶಲ್ಯದ ಅಂಚನ್ನು ಡಬ್ಬಿಯೊಳಗೆ ಇಳಿಬಿಟ್ಟೆ. ಅದು ನೂಲನ್ನು ಹಿಡಿದು ಮೇಲೇರಿ, ನನ್ನ ಎದೆಯ ಬಳಿ ತೂಗಿ ನಿಂತಿತು.

“ಪ್ಲೀಸ್, ಅಲ್ಲಾಡ್ಬೇಡಿ. ನಮ್ಮೂರಲ್ಲಿ ನಂದಿಬಟ್ಟಲೆಲೆ ತಿನ್ನತ್ತಲ್ಲ, ನೀಲಿಕಣ್ಣಿನ ಹಸಿರು ಹುಳು, ಅದೇ ಇದು. ಕೆಲವು ಬೇಸಗೇಲಿ ಒಂದೊಂದು ದಕ್ಷಿಣದಿಂದ ಸಮುದ್ರ ದಾಟಿ ಸ್ವೀಡನ್‌ವರೆಗೂ ಹಾರಿ ಬರತ್ತೆ,” ಎಂದವಳು ನಕ್ಕಳು. “ನಿಮ್ಮ ಮಡಿ ಅಂತೂ ಹೋಯ್ತು. ಮನೇಲಿ ಹುಟ್ಟಿದ ಸೂತಕ ಬೇರೆ! ಹತ್ತು ದಿನ ಪೂಜೆ ಇಲ್ವಾ?”

“ಸುಮ್ನಿರೇ. ಪೂಜೆ ನಡೀತಾ ಇದೆ.”

ಒದ್ದೆ ಚಿಂದಿಯಂತಿದ್ದ ರೆಕ್ಕೆಗಳು ಕಣ್ಣೆದುರೇ ಮೆಲ್ಲಮೆಲ್ಲನೆ ತುಂಬಿಕೊಂಡು ಕೆಳಗಿಳಿದವು. ಪಾಚಿಯ ಹಸಿರು, ಅದರ ನಡುವೆ ನಸುಗೆಂಪು, ಅಂಚಿನಲ್ಲಿ ಬಿಳಿಯ ಗೆರೆ. ಯಾವ ಕೈ ಬರೆದ ರಂಗವಲ್ಲಿಯೋ! ಇಷ್ಟೆಲ್ಲವೂ ಆ ಪುಟ್ಟ ಕೋಶದಲ್ಲಿ ಮಡಿಸಿಟ್ಟಿತ್ತೆಂಬುದನ್ನು ನೆನೆದು ಕಣ್ಣು ತುಂಬಿತು.

ಸುಮೇಧಾ ಬಗ್ಗಿ ನೋಡಿದಳು. ಎಲ್ಲಿಯೂ ಒಂದು ಸುಕ್ಕಿರಲಿಲ್ಲ.

“ಹಾರತ್ತೆ ಮಾವ.”

ಕೈಮುಗಿಯಬೇಕೆನಿಸಿತು, ಆದರೆ ರೆಕ್ಕೆಗಳಿನ್ನೂ ಹಸಿಯಾಗಿದ್ದವು, ಅಲ್ಲಾಡುವಂತಿರಲಿಲ್ಲ.