ಹೊಳೆಯುವ ಬಾಟಲಿ

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಕಡ್ಡಿ ಅಕ್ಕ ಎಂದೇ. ನೀರಿಗೆ ನಾಲ್ಕು ಹನಿ ಕ್ಷಾರ ಬಿಟ್ಟು, ಪೆನ್ನಿನಂಥ ಕಡ್ಡಿಯೊಂದನ್ನು ಅದ್ದಿ, ಅದರೊಳಗೆ ಅಮೋನಿಯಂ ಎಷ್ಟಿದೆ ಎಂದು ಯಂತ್ರದಲ್ಲಿ ಓದುವುದು ಅವಳ ಕೆಲಸ. ಮಾತೂ ಅಷ್ಟೇ, ಕಡ್ಡಿ ಮುರಿದ ಹಾಗೆ. ಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ.

ಆ ವಾರ ತವರಿನ ಬೀದಿಯಲ್ಲಿ ಒಳಚರಂಡಿ ಪೈಪು ಒಡೆದಿತ್ತು. ಬಾವಿ ನೀರಿಗೆ ಕೊಳಕು ಬೆರೆತರೆ ಅಮೋನಿಯಂ ಏರುತ್ತದೆ. ಏರಿದ ಬಾವಿಗಳನ್ನು ಮುಚ್ಚುವುದೆಂದು ತೀರ್ಮಾನವಾಗಿತ್ತು. ಮನೆಮನೆಗೂ ಬಾಟಲಿ ಹಂಚಿ, ತುಂಬಿಸಿ ತರಿಸಿದ್ದರು. ಅಮ್ಮನ ಬಾಟಲಿಯೂ ಬಂತು. ತೀರಿಹೋದ ಅಪ್ಪ ತನ್ನ ಕೈಯಾರೆ ತೋಡಿದ ಬಾವಿ ಅದು. ನಲ್ಲಿ ಬಂದಮೇಲೂ ಅಮ್ಮ ಕುಡಿಯುವುದು ಆ ನೀರನ್ನೇ.

ಕಡ್ಡಿ ಅದ್ದಿದಳು. ಅಂಕಿ ಏರಿತು, ಏರುತ್ತಲೇ ಹೋಯಿತು. ಅಮೋನಿಯಂ ಎಷ್ಟಿದೆಯೆಂದು ಮೊದಲೇ ಗೊತ್ತಿದ್ದ ನೀರಿನಲ್ಲಿ ಅದ್ದಿ ನೋಡಿದಳು, ಯಂತ್ರದ ತಪ್ಪಲ್ಲ. ಅಕ್ಕಪಕ್ಕದ ಬಾವಿಗಳೆಲ್ಲ ಚೆನ್ನಾಗಿಯೇ ಇದ್ದವು.

"ನಿಮ್ಮದೇ ಬಾವಿ ಅಂತ ಮನಸ್ಸು ಒಪ್ತಾ ಇಲ್ವೇನಮ್ಮ?" ಎಂದರು ಮೇಲಧಿಕಾರಿ, ಮೆತ್ತಗೆ.

ಒಪ್ಪುತ್ತಿರಲಿಲ್ಲ, ನಿಜ. ಊರವರ ಬಾವಿಗಳಿಗೆಲ್ಲ ಮುಲಾಜಿಲ್ಲದೆ ತೀರ್ಪು ಕೊಟ್ಟವಳಿಗೆ ಇಂದು ಕೈ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ನೀರು ಹೇಗೆ ತುಂಬಿಸಿದೆ?"

"ಹೇಗೆ ಅಂದ್ರೆ? ಮೊದಲು ಬಾಟ್ಲಿ ತೊಳೆದೆ. ಗಾಜು ಒರೆಸೋಕೆ ನೀಲಿ ನೀರು ತಂದಿದ್ಯಲ್ಲ, ಅದನ್ನೇ ಹಾಕಿ ಪಳಪಳ ಅನ್ನಿಸಿದೆ. ನಿನ್ನ ಆಫೀಸಲ್ಲಿ ನಾಲ್ಕು ಜನ ನೋಡ್ತಾರೆ, ನಿನಗೆ ಅವಮಾನ ಆಗಬಾರದಲ್ವಾ?"

ಆ ನೀಲಿ ನೀರಿನಲ್ಲಿ ಇದ್ದದ್ದೇ ಅಮೋನಿಯಾ; ನೀರಿಗೆ ಬೆರೆತರೆ ಅದೇ ಅಮೋನಿಯಂ. ಕಡ್ಡಿ ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಅಂದೇ ಹೊಸ ಬಾಟಲಿ ಹಿಡಿದು ತವರಿಗೆ ಓಡಿದಳು. ಬಾವಿ ನೀರಿನಲ್ಲೇ ಗಲಬರಿಸಿ, ತಾನೇ ತುಂಬಿಸಿ ತಂದು ಅದ್ದಿದಳು. ಅಂಕಿ ಒಂದಿಷ್ಟೇ ಅಲುಗಾಡಿ, ಅಕ್ಕಪಕ್ಕದ ಬಾವಿಗಳಷ್ಟರಲ್ಲೇ ನಿಂತಿತು. ಹೋದ ಜೀವ ಬಂದಂತಾಯಿತು.

ಸಂಜೆ ಸುದ್ದಿ ಹೇಳಲು ಹೋದಾಗ ಅಮ್ಮ ಬಾವಿಯ ಮಾತೇ ಎತ್ತಲಿಲ್ಲ. ಅಪ್ಪ ತೋಡಿದ ಬಾವಿಯ ನೀರು ಕೆಡುತ್ತದೆಂಬ ಅನುಮಾನವೇ ಅವಳಿಗಿರಲಿಲ್ಲ.

"ಮೊದಲು ಕಳಿಸಿದ ಬಾಟ್ಲಿ ಎಷ್ಟು ಹೊಳೀತಿತ್ತು! ಯಾರಾದ್ರೂ ಗಮನಿಸಿದ್ರಾ?"

ಕಡ್ಡಿ ಮುರಿದಂತೆ ಮಾತಾಡುವವಳು ಅಮ್ಮನ ಒರಟು ಕೈಯನ್ನು ಕೈಯಲ್ಲಿ ಹಿಡಿದುಕೊಂಡಳು.

"ಗಮನಿಸದೆ ಇರ್ತಾರಾ ಅಮ್ಮಾ? ಎಲ್ಲರಿಗಿಂತ ಮೊದಲು ನನ್ನ ಯಂತ್ರವೇ ಗಮನಿಸ್ತು."