ಮೊಮ್ಮಗಳ ಸಂಶೋಧನೆಗೆ ಬಿದ್ದ ಹುಳ

ಈಚೆಗೆ ನನ್ನನ್ನು ಕಂಡರೆ ಮಾಂಬಳ್ಳಿಯ ಜನ ದಾರಿ ಬದಲಿಸುತ್ತಾರೆ. ಬೈಯುತ್ತೇನೆಂದಲ್ಲ, ಮೊಮ್ಮಗಳ ವಿಷಯ ಹೇಳುತ್ತೇನೆಂದು. ಕ್ಷೌರಕ್ಕೆ ಕುಳಿತಾಗಲೂ ಹೇಳುತ್ತೇನೆ. ಹೇಳುವ ಹುಮ್ಮಸ್ಸಿನಲ್ಲಿ ತಲೆ ಆಡಿಸಿ ಕಿವಿಯ ಹತ್ತಿರ ಗಾಯ ಮಾಡಿಕೊಂಡಿದ್ದೇನೆ. ಕೊಳ್ಳೇಗಾಲದ ಬಸ್ಸಿನಲ್ಲಿ ಪಕ್ಕದವನು ತಮಿಳು ಮಾತ್ರ ಬಲ್ಲವನಾದರೂ ಬಿಡುವುದಿಲ್ಲ. ಮೊನ್ನೆ ಅಂಥವನೊಬ್ಬ ನನ್ನ ಮಾತೆಲ್ಲ ಕೇಳಿ, ಕೈ ಮುಗಿದು, ತನ್ನ ಬುತ್ತಿಯಿಂದ ಅರ್ಧ ವಡೆ ಕೊಟ್ಟು ಇಳಿದುಹೋದ. ಏನು ಅರ್ಥ ಮಾಡಿಕೊಂಡನೋ ಶಿವನೇ ಬಲ್ಲ. ವಡೆ ಮಾತ್ರ ಚೆನ್ನಾಗಿತ್ತು.

ನೀವು ಬಸ್ಸಿನಲ್ಲಿಲ್ಲ, ಇಳಿದುಹೋಗುವ ಹಾಗಿಲ್ಲ. ಆದ್ದರಿಂದ ಕೇಳಿ.

ನನ್ನ ಮೊಮ್ಮಗಳು ಸರೋಜ ಮೈಸೂರಿನಲ್ಲಿ ಎಂ.ಎ. ಓದುತ್ತಾಳೆ. ವಿಷಯ ಏನಮ್ಮ ಎಂದರೆ, ಯುದ್ಧ ಮತ್ತು ರಾಜಕೀಯ ಎಂದಳು. ನಾನು ನಕ್ಕುಬಿಟ್ಟೆ. ಅದಕ್ಕೆ ಕಾಲೇಜು ಯಾಕೆ? ನನ್ನ ಗದ್ದೆಗೂ ಮಾದಪ್ಪನ ಗದ್ದೆಗೂ ನಡುವಿನ ಬದುವಿನ ಮೇಲೆ ಒಂದು ವಾರ ಕುಳಿತರೆ ಎರಡೂ ಬಂದುಬಿಡುತ್ತವೆ. ನಾನು ಓದಿದ್ದು ಮೂರನೆಯ ತರಗತಿ, ಅದೂ ಮೇಷ್ಟ್ರು ನನ್ನ ಕೈಯಲ್ಲಿ ಸೋತು ದಾಟಿಸಿದ್ದು. ಈ ಬರಹದ ಒತ್ತು ದೀರ್ಘಗಳನ್ನು ತಿದ್ದಿದವಳೂ ಸರೋಜಳೇ. ತನ್ನನ್ನು ಹೊಗಳಿದ ಸಾಲುಗಳನ್ನು ಹೊಡೆದುಹಾಕಲು ನೋಡಿದಳು. ನಾನು ಹಾಳೆಯನ್ನೇ ಕಿತ್ತುಕೊಂಡೆ.

ಬೇಸಿಗೆ ರಜಕ್ಕೆ ಬಂದವಳ ಮುಖದಲ್ಲಿ ಈ ಸಲ ಒಂದು ಗಾಬರಿ ಇತ್ತು. ಅವರ ಮೇಷ್ಟ್ರು ಸಂಶೋಧನೆ ಮಾಡುವ ಬಗೆಯನ್ನು ಕಲಿಸುತ್ತಿದ್ದರಂತೆ. ಕಲಿತದ್ದನ್ನು ತೋರಿಸಬೇಕು: ಮಹಾಯುದ್ಧದ ಕಾಲದಲ್ಲಿ ನಿಮ್ಮೂರಿನ ಅನ್ನಕ್ಕೆ ಏನಾಯಿತು, ಜನರನ್ನು ಕೇಳಿ ಬರೆದು ತಾ, ಬರೆದದ್ದು ನಿಜವೆಂದು ನಿನಗೆ ಹೇಗೆ ಗೊತ್ತಾಯಿತು ಎಂಬುದನ್ನೂ ಬರೆ. ಚೆನ್ನಾಗಿ ಬರೆದವರೊಬ್ಬರನ್ನು ಎಂ.ಎ. ಆದಮೇಲೆ ಅವರು ತಮ್ಮ ಕೈಕೆಳಗೆ ಸಂಶೋಧನೆಗೆ ಸೇರಿಸಿಕೊಳ್ಳುತ್ತಾರೆ. ಇರುವುದು ಒಂದೇ ಜಾಗ. ಕೇಳುವವರೆಲ್ಲ ವಕೀಲರ, ಅಮಲ್ದಾರರ ಗಂಡುಮಕ್ಕಳು.

"ಈ ಜಾಗ ನಂಗೆ ಸಿಕ್ಕದೇ ಓದ್ರೆ ತಾತ, ನನ್ನ ಓದು ಇಲ್ಗೇ ನಿಂತೋಯ್ತದೆ" ಎಂದಳು. ಮೈಸೂರಿನಲ್ಲಿ ಪುಸ್ತಕದ ಕನ್ನಡ ಆಡುವವಳು, ಗಾಬರಿಯಾದರೆ ನಮ್ಮೂರಿನವಳಾಗಿಬಿಡುತ್ತಾಳೆ.

ಮೊಮ್ಮಗಳಿಗೆ ಕಷ್ಟ ಬಂದರೆ ತಾತ ಸುಮ್ಮನಿರುತ್ತಾನೆಯೇ? ಅವಳು ಪೆನ್ನಿಗೆ ಶಾಯಿ ತುಂಬುವಷ್ಟರಲ್ಲಿ ನಾನು ಎಕ್ಕಡ ಮೆಟ್ಟಿ ಹೊರಟೆ. ಮನೆಮನೆಯ ಜಗಲಿ ಹತ್ತಿದೆ. "ನಾಳೆ ನಮ್ಮ ಸರೋಜ ಬತ್ತಾಳೆ. ಯುದ್ಧದ ಕಾಲದ್ದು ಕೇಳ್ತಾಳೆ. ಮೂಗಿನ ನೇರಕ್ಕೆ ಒಬ್ಬೊಬ್ರು ಒಂದೊಂದು ಅನ್ಬೇಡಿ ಕಣ್ರಪ್ಪ. ಎಲ್ಲಾ ಒಂದೇ ಮಾತು ಏಳಿ. ಮಗಿ ಮಾನ ಉಳೀಬೇಕು."

"ಯಾವ ಮಾತು?" ಎಂದ ಮಾದಪ್ಪ. ಬದುವಿನ ವಿಷಯ ಬಿಟ್ಟರೆ ನಾವಿಬ್ಬರೂ ಸ್ನೇಹಿತರೇ.

"ಅದೇ ಕಣ್ಲಾ, ಅಮಲ್ದಾರ್ರಿಗೆ ಏಳ್ತಿದ್ವಲ್ಲ, ಅದು."

"ಓ, ಅದಾ!" ಎಂದು ಅವನ ಮುಖ ಅರಳಿತು.

ಮಾರನೆಯ ದಿನ ಸರೋಜ ಹೊರಟಳು. ಮೊದಲ ಮನೆಯಲ್ಲಿ, "ಆ ವರ್ಸ ಭತ್ತಕ್ಕೆ ಉಳ ಬಿದ್ಬುಡ್ತು ಕಣವ್ವ, ಒಂದು ಕಾಳು ಕೈಗತ್ತಲಿಲ್ಲ" ಎಂದರು. ಎರಡನೆಯ ಮನೆಯಲ್ಲೂ ಹುಳ, ಒಂದು ಕಾಳು. ಗದ್ದೆಯನ್ನೇ ಕಾಣದ ಬಳೆಗಾರ ಶೆಟ್ಟಿಯೂ ಹುಳ ಬಿತ್ತು ಎಂದ. ಕಿವಿ ಕೇಳದ ದೊಡ್ಡತಾಯಮ್ಮ ಪ್ರಶ್ನೆಗೆ ಮುಂಚೆಯೇ, "ಉಳ ಕಣ್ ಮಗಾ, ಉಳ" ಎಂದಳು. ಸಂಜೆಯ ಹೊತ್ತಿಗೆ ನಾನು ಜಗಲಿಯ ಮೇಲೆ ಕುಳಿತು ಮೀಸೆ ತಿರುವುತ್ತಿದ್ದೆ. ಊರಿಗೆ ಊರೇ ಒಂದು ದನಿಯಲ್ಲಿ ಸಾಕ್ಷಿ ಹೇಳಿದರೆ ಯಾವ ಮೇಷ್ಟ್ರು ತಾನೇ ಇಲ್ಲವೆಂದಾರು!

ಎಲ್ಲ ಕೆಟ್ಟದ್ದು ಮಾದಪ್ಪನ ಹೊಸ ಸೊಸೆಯಿಂದ. ಹೋದ ವರ್ಷ ಸತ್ತೇಗಾಲದಿಂದ ಮದುವೆಯಾಗಿ ಬಂದ ಹುಡುಗಿ. ಮಾವನ ಮಾತು ಮೀರುವವಳಲ್ಲ. ಅವಳೂ ಸೆರಗು ಸರಿಮಾಡಿಕೊಂಡು, "ಆ ವರ್ಸ ಭತ್ತಕ್ಕೆ ಉಳ ಬಿದ್ಬುಡ್ತು ಕಣಕ್ಕ" ಎಂದಳಂತೆ.

"ನೀನು ಆಗ ಎಲ್ಲಿದ್ದೆ?"

"ಸತ್ತೇಗಾಲದಲ್ಲಿ. ಕುಂಟೆಬಿಲ್ಲೆ ಆಡ್ಕಂಡಿದ್ದೆ."

"ಮತ್ತೆ ಮಾಂಬಳ್ಳಿ ಉಳ ನಿನಗೆಂಗೆ ಕಾಣ್ತು?"

"ನಂಗೇನು ಗೊತ್ತಕ್ಕ? ನಿಮ್ಮ ತಾತಾರೇ ಬಂದು ಏಳ್ಕೊಟ್ಟು ಓದ್ರು."

ಸರೋಜ ಮನೆಗೆ ಬಂದವಳು ಕಂಬಕ್ಕೆ ಒರಗಿ ಕುಳಿತಳು. ಬೈದಿದ್ದರೆ ವಾಸಿಯಿತ್ತು. ಕಣ್ಣಲ್ಲಿ ನೀರು. "ಎಲ್ಲರೂ ಒಂದೇ ಮಾತು ಏಳಿದ್ರೆ ಅದು ಸಾಕ್ಷಿ ಅಲ್ಲ ತಾತ, ಬಾಯಿಪಾಠ. ಇದನ್ನ ತಕಂಡೋದ್ರೆ ಮೇಷ್ಟ್ರು ನನ್ನನ್ನ ಬಾಗಿಲ ಒಳಕ್ಕೂ ಬಿಡಾಕಿಲ್ಲ" ಎಂದಳು.

ನನ್ನ ಮೀಸೆ ತಾನಾಗಿ ಇಳಿಯಿತು. ಇದು ನನಗೆ ಗೊತ್ತಿರದ ವಿಷಯವೂ ಅಲ್ಲ. ಹೆಣ್ಣು ಕೊಡುವ ಮುಂಚೆ ಗಂಡಿನ ಊರಿಗೆ ಹೋಗಿ ವಿಚಾರಿಸುವುದರಲ್ಲಿ ನಾನು ಹೆಸರಾದವನು. ಬಾವಿಕಟ್ಟೆಯಲ್ಲಿ, ಅಂಗಡಿಯಲ್ಲಿ, ಮಠದಲ್ಲಿ, ಎಲ್ಲ ಕಡೆ 'ಹುಡುಗ ಬಂಗಾರ' ಎಂದೇ ಹೇಳಿದರೆ, ಯಾರೋ ನಮಗಿಂತ ಮುಂಚೆ ಬಂದುಹೋಗಿದ್ದಾರೆಂದು ಎದ್ದು ಬಂದುಬಿಡುತ್ತೇನೆ. ಒಬ್ಬರು ಬಂಗಾರ ಎಂದು, ಇನ್ನೊಬ್ಬರು ಸ್ವಲ್ಪ ಮುಂಗೋಪಿ ಎಂದು, ಮತ್ತೊಬ್ಬರು ಇಸ್ಪೀಟು ಮುಟ್ಟುತ್ತಾನೆ ಎಂದರೆ ಅಂಥ ಹುಡುಗನಿಗೆ ಧೈರ್ಯವಾಗಿ ಹೆಣ್ಣು ಕೊಡಬಹುದು. ಇಷ್ಟು ತಿಳಿದವನಿಗೆ ಮೊಮ್ಮಗಳ ಕೆಲಸಕ್ಕೆ ಹೊರಟಾಗ ಅದೊಂದೂ ನೆನಪಾಗಲಿಲ್ಲ. ಪ್ರೀತಿ ಉಕ್ಕಿದಾಗ ಬುದ್ಧಿ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತದೋ ಏನೋ.

ಅಷ್ಟರಲ್ಲಿ ಸರೋಜ ತಲೆ ಎತ್ತಿದಳು. ಕಣ್ಣೊರೆಸಿಕೊಂಡು, "ತಾತ, ಊರಿಗೆಲ್ಲ ಈ ಮಾತು ಅಷ್ಟು ಸಲೀಸಾಗಿ ಎಂಗೆ ಬಂತು? ನೀನು ಏಳಿದ್ದು ನಿನ್ನೆ. ದೊಡ್ಡತಾಯವ್ವಂಗೆ ಕಿವೀನೇ ಕೇಳಾಕಿಲ್ಲ!" ಎಂದಳು.

ಆಗ ಹೇಳಿದೆ. ಯುದ್ಧದ ಕಾಲದಲ್ಲಿ ಸರ್ಕಾರ ಮನೆಗೆ ಇಷ್ಟು ಭತ್ತ ತನಗೆ ಅಳೆಯಿರಿ ಎಂದು ಹುಕುಂ ಮಾಡಿತು. ಅಳೆದುಕೊಟ್ಟರೆ ಮಕ್ಕಳಿಗೆ ಗಂಜಿಗೂ ಇಲ್ಲ. ಅತ್ತ ಗಡಿ ದಾಟಿದರೆ ಕೊಳ್ಳೇಗಾಲ, ಮದ್ರಾಸು ಸರ್ಕಾರದ್ದು. ಅಲ್ಲಿ ನೆಂಟರು ಹಸಿದಿದ್ದರೂ ಒಂದು ಸೇರು ಅಕ್ಕಿ ದಾಟಿಸುವ ಹಾಗಿರಲಿಲ್ಲ. ಊರೆಲ್ಲ ಅರಳಿಕಟ್ಟೆಯಲ್ಲಿ ಸೇರಿ, ಭತ್ತ ವಸೂಲಿಗೆ ಬರುವ ಅಮಲ್ದಾರರು ಯಾರನ್ನು ಕೇಳಿದರೂ ಒಂದೇ ಉತ್ತರ ಎಂದು ಮಾತು ಕಟ್ಟಿತು: ಹುಳ ಬಿತ್ತು. ಸಣ್ಣ ಮಕ್ಕಳಿಗೂ ಕಲಿಸಿದ್ದೆವು. ಹುಳ ಗದ್ದೆಗಂತೂ ಬಂದಿರಲಿಲ್ಲ. ಭತ್ತವೆಲ್ಲ ನೆಲದೊಳಗಿನ ಹಗೇವಿನಲ್ಲಿ ಸುಖವಾಗಿ ಮಲಗಿತ್ತು.

ಕೇಳುತ್ತ ಕೇಳುತ್ತ ಸರೋಜಳ ಮುಖ ದೀಪ ಹಚ್ಚಿದ ಹಾಗಾಯಿತು. "ತಾತ! ಇದೇ! ಇದೇ ನನಗೆ ಬೇಕಾದದ್ದು!" ಎಂದು ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು. ಮತ್ತೆ ಮನೆಮನೆಗೆ ಹೊರಟಳು. ಈ ಸಲ ನನ್ನನ್ನು ಜಗಲಿಯಲ್ಲೇ ಕೂರಿಸಿ, ತನ್ನ ಅಜ್ಜಿಯನ್ನು ಕಾವಲಿಟ್ಟಳು.

ಈ ಸಲ ಎಲ್ಲರೂ ನಿಜ ಹೇಳಿದರು, ಹೇಳಿ ಜಗಳಕ್ಕೆ ಬಿದ್ದರು. ಹುಳದ ಉಪಾಯ ಹೊಳೆದದ್ದು ತನಗೇ ಎಂದ ಮಾದಪ್ಪ. ಅಲ್ಲ, ನಮ್ಮಪ್ಪನಿಗೆ ಎಂದ ಶೆಟ್ಟಿ. "ನಿಮ್ಮಪ್ಪ ಆಗ ಕಾಶೀಲಿದ್ದ ಕಣೋ!" ಎಂದು ದೊಡ್ಡತಾಯಮ್ಮ ಗದರಿದಳು. ಅದು ಮಾತ್ರ ಅವಳಿಗೆ ಕೇಳಿಸಿತ್ತು. ಯಾವುದೂ ಯಾವುದಕ್ಕೂ ಹೊಂದದು. ಸರೋಜಳಿಗಂತೂ ಹಬ್ಬ. ಎಲ್ಲಿ ಕೂಡುತ್ತದೆ, ಎಲ್ಲಿ ಕೂಡದು, ಯಾರು ಕಂಡದ್ದು, ಯಾರು ಕೇಳಿದ್ದು ಎಂದು ನಮ್ಮೂರನ್ನೇ ಮೊರದಲ್ಲಿ ಹಾಕಿ ಕೇರಿದಳು. ನನ್ನ ತಪ್ಪನ್ನೂ ಬಿಡದೆ ಬರೆದಳು. ಯುದ್ಧ ಮುಗಿದು ಇಷ್ಟು ಕಾಲವಾದರೂ, ಕೈಯಲ್ಲಿ ಪೆನ್ನು ಹಿಡಿದು ಕೇಳುವವರನ್ನು ಕಂಡರೆ ಈ ಊರು ಅರಳಿಕಟ್ಟೆಗೆ ಓಡುತ್ತದೆ, ಅದಕ್ಕೆ ಮೊಮ್ಮಗಳೂ ಅಮಲ್ದಾರರೂ ಒಂದೇ ಎಂದು.

ಹೋದ ವಾರ ಬಸ್ಸಿನಿಂದ ಇಳಿದವಳು ಚೀಲವನ್ನೂ ಇಳಿಸದೆ ಓಡಿಬಂದಳು. ಜಾಗ ಸಿಕ್ಕಿದೆ! ಮೇಷ್ಟ್ರು ಓದಿ, ನಕ್ಕು, ಇದನ್ನೇ ಮುಂದುವರಿಸು ಎಂದರಂತೆ. ನಾನು ಕುಣಿದೆ. ಸುಳ್ಳಲ್ಲ, ಪಂಚೆ ಎತ್ತಿ ಕಟ್ಟಿ ಕುಣಿದೆ. ಚೀಲ ಬಸ್ಸಿನಲ್ಲೇ ಯಳಂದೂರಿಗೆ ಹೋಯಿತು, ಹೋಗಲಿ ಎಂದು ಮತ್ತೆ ಕುಣಿದೆ.

ಅವಳು ಬರೆದದ್ದರಲ್ಲಿ ನಾನೂ ಇದ್ದೇನೆ. ಹೆಸರಿಲ್ಲ. ಪುಟದ ಕೆಳಗೆ ಒಂದು ಗೆರೆ ಎಳೆದು, ಗೆರೆಯ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಹಾಕಿದ್ದಾಳೆ: 'ಹೇಳಿದವರು, ಮಾಂಬಳ್ಳಿಯ ಒಬ್ಬ ಹಿರಿಯ ರೈತ. ಇವರ ಮಾತನ್ನು ಬೇರೆಯವರಿಂದಲೂ ಕೇಳಿ ಖಚಿತಪಡಿಸಿಕೊಳ್ಳಬೇಕು.' ಮಾದಪ್ಪ ಅದನ್ನು ಓದಿಸಿಕೊಂಡು ಹೊಟ್ಟೆ ಹಿಡಿದು ನಕ್ಕ. ನಗಲಿ. ಗೆರೆಯ ಕೆಳಗಾದರೂ ನಾನಿದ್ದೇನೆ; ಅವನೆಲ್ಲಿದ್ದಾನೆ?

ಅವಳು ಬರೆದದ್ದು ಸರಿಯಾಗಿಯೇ ಇದೆ. ಮೈಸೂರು ಸೀಮೆಯಲ್ಲೇ ನನ್ನ ಮೊಮ್ಮಗಳಷ್ಟು ಜಾಣೆ ಇಲ್ಲ ಎಂದು ನಾನು ಹೇಳಿದರೆ ನಂಬಬೇಡಿ. ಮಾಂಬಳ್ಳಿಗೆ ಬನ್ನಿ, ಯಾರನ್ನಾದರೂ ಕೇಳಿ. ಎಲ್ಲರೂ ಒಂದೇ ಮಾತು ಹೇಳಿದರೆ ಮಾತ್ರ ಸ್ವಲ್ಪ ಅನುಮಾನಪಡಿ. ನಾನು ನಿಮಗಿಂತ ಮುಂಚೆ ಹೋಗಿ ಬಂದಿರುತ್ತೇನೆ.